ಒಳಗೆ 60 ಕೋಟಿ, ಹೊರಗೆ 600

ಇಂಡಿ ತಾಲ್ಲೂಕಿನ ತೋಟಗಳಲ್ಲಿ ಲಿಂಬೆ ಕೀಳುವ ಬೆರಳಿಗೆ ಮುಳ್ಳು ಚುಚ್ಚದ ದಿನವಿಲ್ಲ. ಆ ಚುಚ್ಚಿಗೆ ಚರ್ಮದ ಒಂದಷ್ಟು ಜೀವಕೋಶಗಳು ಒಡೆಯುತ್ತವೆ. ಒಡೆದ ಕೋಶದಿಂದ ಸೋರುವುದೇನೆಂದು ಲೆಕ್ಕ ಹಾಕಿದರೆ ಬೆರಗಾಗದೆ ಇರಲು ಸಾಧ್ಯವಿಲ್ಲ.

ಸೋರುವವುಗಳಲ್ಲಿ ಒಂದು, ಜೀವಕೋಶ ತನ್ನ ಕೆಲಸಕ್ಕೆ ಖರ್ಚು ಮಾಡುವ ಶಕ್ತಿಯ ಅಣು ಎಟಿಪಿ. 1929ರಲ್ಲಿ ಇದನ್ನು ಕಂಡುಹಿಡಿದವರಲ್ಲಿ ಭೀಮವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ನಮ್ಮ ಮೈಯಲ್ಲಿ ಯಾವ ಹೊತ್ತಿಗೂ ಅದು ಕೆಲವು ನೂರು ಗ್ರಾಂ ದಾಟದು. ಖರ್ಚಾಗುತ್ತ, ಮತ್ತೆ ಕೂಡಿಕೊಳ್ಳುತ್ತ, ದಿನಕ್ಕೆ ತಯಾರಾಗುವ ಒಟ್ಟು ಎಟಿಪಿ ಮಾತ್ರ ಹೆಚ್ಚುಕಡಿಮೆ ನಮ್ಮದೇ ತೂಕದಷ್ಟು! ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಗಾತ್ರದ ಕೋಶದೊಳಗೆ ಕಡಿಮೆಯೆಂದರೂ 60 ಕೋಟಿ ಅಣುಗಳು. ಹೊರಗೆ ಅಷ್ಟೇ ದ್ರವದಲ್ಲಿ ಸುಮಾರು 600, ಹೆಚ್ಚೆಂದರೆ ಕೆಲವು ಸಾವಿರ. ಆಲಮಟ್ಟಿ ಜಲಾಶಯದ 123 ಟಿಎಂಸಿ ನೀರು ಒಂದು ಕಡೆ, ಕೆಲವೇ ಕೃಷಿಹೊಂಡಗಳ ನೀರು ಇನ್ನೊಂದು ಕಡೆ ಇದ್ದಂತೆ.

ಒಳಗಿನದು ಹೊರಗೆ ಕಂಡರೆ ಎಲ್ಲೋ ಗೋಡೆ ಒಡೆದಿದೆ ಎಂದರ್ಥ. ಅದನ್ನು ಗುರುತಿಸುವ ಗ್ರಾಹಕಗಳು ಕೋಶದ ಮೇಲ್ಮೈಯಲ್ಲೇ ಕಾದಿರುತ್ತವೆ. ಎಟಿಪಿ ನರಗಳ ಸಂದೇಶವನ್ನೂ ಒಯ್ಯುತ್ತದೆ ಎಂದು ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ಬರೆದಾಗ ನಂಬಿದವರು ಕಡಿಮೆ. ಇಂದು ಮನುಷ್ಯನಲ್ಲಿ ಇಂಥ ಗ್ರಾಹಕಗಳಲ್ಲಿ ಪಿ2ಎಕ್ಸ್ ಬಗೆಯವು 7, ಪಿ2ವೈ ಬಗೆಯವು 8 ಎಂಬುದು ಗೊತ್ತಾಗಿದೆ. ಪಿ2ಎಕ್ಸ್ ಎಂದರೆ ಒಂದು ಬಾಗಿಲು. ಮೂರು ಎಟಿಪಿ ಅಣು ಬಂದು ಕೂತರೆ ಸೆಕೆಂಡಿನ ಸಾವಿರದ ಕೆಲವೇ ಪಾಲಿನಲ್ಲಿ ತೆರೆದು, ಸೆಕೆಂಡಿಗೆ ಲಕ್ಷಗಟ್ಟಲೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಒಳಬಿಡುತ್ತದೆ. ಲಿಂಬೆ ಮುಳ್ಳಿನ ನೋವಿನಲ್ಲಿ ಇದರ ಪಾಲೂ ಇದೆ.

ಸಿಂದಗಿಯ ಹೊಲದಲ್ಲಿ ಹುಳು ತೊಗರಿಯನ್ನು ಕಡಿದಾಗಲೂ ಎಟಿಪಿ ಸೋರುತ್ತದೆ. ಗಿಡಕ್ಕೆ ನರವಿಲ್ಲ, ಪಿ2ಎಕ್ಸ್ ಕೂಡ ಇಲ್ಲ. ಆದರೂ ಗಿಡಗಳು ತಮ್ಮದೇ ಬೇರೆ ವಿನ್ಯಾಸದ ಗ್ರಾಹಕ ಕಟ್ಟಿಕೊಂಡಿವೆಯೆಂದು ಸಾಸಿವೆ ಕುಟುಂಬದ ಸಣ್ಣ ಗಿಡವೊಂದರಲ್ಲಿ 2014ರಲ್ಲಿ ಪತ್ತೆಯಾಯಿತು. ಮುದ್ದೇಬಿಹಾಳದಲ್ಲೋ ಬಸವನ ಬಾಗೇವಾಡಿಯಲ್ಲೋ ಎತ್ತಿನ ಕಿವಿಗೆ ಕಚ್ಚಿಕೊಳ್ಳುವ ಉಣ್ಣೆಯ ಜಾತಿಯಲ್ಲಿ 2011ರಲ್ಲಿ ಪಿ2ಎಕ್ಸ್ ಸಿಕ್ಕಿತು. ಹಣ್ಣಿನ ನೊಣದಲ್ಲಿ ಅದಿಲ್ಲ, ಏಕಕೋಶದ ಪಾಚಿಯಲ್ಲಿದೆ! ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸಿದ್ದು ಇದೇ.

ಮತ್ತೆ ನಮ್ಮ ಗಾಯಕ್ಕೆ ಬಂದರೆ, ಎಟಿಪಿ ಒಂದು ಫಾಸ್ಫೇಟ್ ಕಳೆದುಕೊಂಡಾಗ ಆಗುವುದು ಎಡಿಪಿ. ರಕ್ತದ ಕಿರುಬಿಲ್ಲೆಗಳ ಮೇಲಿನ ಪಿ2ವೈ12 ಗ್ರಾಹಕಕ್ಕೆ ಅದು ತಗುಲಿದಾಗ ಬಿಲ್ಲೆಗಳು ಒಂದಕ್ಕೊಂದು ಅಂಟಿ ಗಾಯ ಮುಚ್ಚುತ್ತವೆ. ಹೃದಯದ ರಕ್ತನಾಳದೊಳಗೆ ಹೀಗಾದರೆ ಜೀವಕ್ಕೇ ಅಪಾಯ. ಕ್ಲೊಪಿಡೊಗ್ರೆಲ್ ಮಾತ್ರೆ ತಡೆಯುವುದು ಈ ಒಂದು ಗ್ರಾಹಕವನ್ನು. ಬಿಲ್ಲೆ ಬದುಕಿರುವ 7ರಿಂದ 10 ದಿನವೂ ಅದನ್ನು ಬಿಡದೆ ಹಿಡಿದಿರುತ್ತದೆ. ಸ್ಟೆಂಟ್ ಹಾಕಿಸಿಕೊಂಡ ಹಿರಿಯರು ಮನೆಯಲ್ಲಿದ್ದರೆ, ವೈದ್ಯರನ್ನು ಕೇಳದೆ ಆ ಮಾತ್ರೆ ನಿಲ್ಲಿಸಲು ಬಿಡಬೇಡಿ.