ದೂರವಾಣಿ ಫಲಕದಲ್ಲಿ ಕಾಲಖಂಡಗಳ ಜೋಡಣೆ

ಅಡಿಕೆ ಟೆಂಡರಿನ ದಿನ ಶಿರಸಿಯ ಮಳಿಗೆಗೆ ಪರವೂರಿನ ಖರೀದಿದಾರರ ಕರೆ ಬರುತ್ತದೆಂದು ಭಾವಿಸೋಣ. ಅವರ ಮಾತು ಇಲ್ಲಿ ಕೇಳುತ್ತದೆ. ಇಲ್ಲಿನ ದರ ಅವರಿಗೆ ಕೇಳಿಸದು. ದೋಷವು ಹೊರಗಿನ ತಂತಿಯಲ್ಲಿಯೇ ಇದೆಯೆಂದು ತಿಳಿಯಬೇಕಾಗಿಲ್ಲ. ಕಚೇರಿಯ ವಿನಿಮಯ ಯಂತ್ರದ ಜೋಡಣೆಯಲ್ಲಿಯೂ ಇರಬಹುದು.

ಇ-1 ಡಿಜಿಟಲ್ ಮಾರ್ಗದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಕಳುಹಿಸಲಾಗುತ್ತದೆ. ಟೈಮ್‌ಸ್ಲಾಟ್ ಎಂಬ 32 ಕಾಲಖಂಡಗಳು ಸರದಿಯಂತೆ ಒಂದೇ ಮಾರ್ಗದಲ್ಲಿ ಸಾಗುತ್ತವೆ. ಸೊನ್ನೆಯ ಖಂಡವು ತಾಳಮೇಳಕ್ಕೆ, 16ನೆಯದು ಸಂಕೇತಗಳಿಗೆ ಮೀಸಲು. ಮಾತಿಗೆ ಉಳಿಯುವುದು 30. ಆದುದರಿಂದ 16ನೆಯ ಧ್ವನಿಮಾರ್ಗವು 17ನೆಯ ಖಂಡದಲ್ಲಿರುತ್ತದೆ. ಇದನ್ನು ಮರೆತು ಸಂಖ್ಯೆ ತುಂಬಿದರೆ ಅಲ್ಲಿಂದ ಮುಂದಿನ ಸಾಲುಗಳೆಲ್ಲ ಒಂದೊಂದು ಸ್ಥಾನ ತಪ್ಪುತ್ತವೆ.

ಒಂದು ಖಂಡದ ಮಾತನ್ನು ಮತ್ತೊಂದಕ್ಕೆ ವರ್ಗಾಯಿಸುವುದೇ ಸ್ವಿಚಿಂಗ್. ಪ್ರತಿ ಜೋಡಣೆಯೂ ಏಕಮುಖವಾದುದು. ಗ್ರಾಹಕರಿಂದ ನಮಗೊಂದು, ನಮ್ಮಿಂದ ಗ್ರಾಹಕರಿಗೊಂದು, ಹೀಗೆ ಎರಡು ಜೋಡಣೆಗಳು ಅವಶ್ಯ. ಕರೆ ಮುಗಿದೊಡನೆ ಎರಡನ್ನೂ ಬಿಡಿಸಬೇಕು. ಇಲ್ಲವಾದರೆ ಖಂಡವು ತೆರವಾಗದೆ ಹೊಸ ಗ್ರಾಹಕರಿಗೆ ನಿರತ ಧ್ವನಿಯೇ ಕೇಳಿಸೀತು.

ಈ ತಂತ್ರ ನಮ್ಮ ನಾಡಿಗೆ ಹೊಸದಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು.

ಇಂದು ಅಂತರ್ಜಾಲ ಆಧಾರಿತ ದೂರವಾಣಿ ವ್ಯಾಪಕವಾಗಿದೆ. ಆದರೂ ಇ-1 ಫಲಕವನ್ನೇ ನೆಚ್ಚಿರುವ ವರ್ತಕರು ತಂತ್ರಜ್ಞರಿಗೆ ಹಣ ಸಂದಾಯ ಮಾಡುವ ಮುನ್ನ ಮೂವತ್ತೂ ಸಾಲುಗಳಿಂದ ಕರೆ ಮಾಡಿಸಿ, ಎರಡೂ ಕಡೆಯ ಮಾತನ್ನು ಪರೀಕ್ಷಿಸಿಕೊಳ್ಳುವುದು ಲೇಸು.