ಕೌಟುಂಬಿಕ ಹಿಂಸೆ: ಬಡವಾಗುವುದು ಕೂಸು

ನೆರೆಮನೆಯಿಂದ ಏಟಿನ ಸದ್ದು ಕೇಳಿಬಂದಾಗ ನಮ್ಮಲ್ಲಿ ಅನೇಕರು "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಆದರೆ "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂಬ ಗಾದೆಯೂ ಇದೇ ನಾಡಿನದು. ಮೊದಲನೆಯದು ಸುಮ್ಮನಿರಲು ನೆಪ ಒದಗಿಸುತ್ತದೆ, ಎರಡನೆಯದು ವಾಸ್ತವವನ್ನು ಹೇಳುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ. 44.4 ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾರೆ. ರಾಷ್ಟ್ರದ ಸರಾಸರಿ ಶೇ. 29.3. ಹಿಂದಿನ ಸಮೀಕ್ಷೆಯಲ್ಲಿ, ಅಂದರೆ 2015-16ರಲ್ಲಿ, ರಾಜ್ಯದ ಪ್ರಮಾಣ ಶೇ. 20.6 ಇತ್ತು. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರ ಪೈಕಿ ನೆರವು ಕೋರಿದವರು ಶೇ. 14 ಮಾತ್ರ.

ಹಿಂಸೆಯ ಪರಿಣಾಮ ಪೆಟ್ಟು ತಿಂದವಳಿಗಷ್ಟೇ ಸೀಮಿತವಲ್ಲ. ಮೈಕೈ ನೋವಿನಿಂದ ಕೂಲಿಗೆ ಹೋಗಲಾಗದ ದಿನ ಒಲೆಯ ಮೇಲೂ ಅದರ ನೆರಳು ಬೀಳುತ್ತದೆ. ತಾಯಿಯ ಅಳುವಿಗೆ ಬೆಚ್ಚಿ ಏಳುವ ಮಗು ನಿದ್ದೆ ಕಳೆದುಕೊಳ್ಳುತ್ತದೆ, ಶಾಲೆಯಲ್ಲಿ ಮಂಕಾಗುತ್ತದೆ. ತಂದೆಯು ತಾಯಿಯನ್ನು ಹೊಡೆಯುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ತಮ್ಮ ದಾಂಪತ್ಯದಲ್ಲೂ ಹಿಂಸೆಗೆ ಗುರಿಯಾಗುವ ಸಂಭವ ಹೆಚ್ಚು ಎಂಬುದನ್ನು ಇದೇ ಸಮೀಕ್ಷೆ ತೋರಿಸಿದೆ. ಹೀಗೆ ಹಿಂಸೆಯು ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ.

ಕಾನೂನು ಏನು ಹೇಳುತ್ತದೆ?

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ರೂಪುಗೊಂಡು, 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೊಡೆತವಷ್ಟೇ ಅಲ್ಲ, ಲೈಂಗಿಕ ದೌರ್ಜನ್ಯ, ಅವಮಾನಿಸುವ ಬೈಗುಳ, ಮನೆಖರ್ಚಿಗೆ ಹಣ ಕೊಡದಿರುವುದು, ಸಂಬಳ ಕಸಿದುಕೊಳ್ಳುವುದು ಇವೆಲ್ಲವೂ ಅದರ ಪ್ರಕಾರ ಹಿಂಸೆಯೇ. ಪತ್ನಿಯಲ್ಲದೆ ತಾಯಿ, ಸಹೋದರಿ ಮತ್ತು ವಿವಾಹವಾಗದೆ ದಾಂಪತ್ಯದಂತೆ ಜೊತೆಯಲ್ಲಿ ಬಾಳುತ್ತಿರುವ ಮಹಿಳೆಯೂ ರಕ್ಷಣೆ ಕೋರಬಹುದು.

ಗಂಡ ಜೈಲಿಗೆ ಹೋದರೆ ಸಂಸಾರದ ಗತಿಯೇನು ಎಂಬ ಅಳುಕು ಹಲವರನ್ನು ದೂರು ನೀಡದಂತೆ ತಡೆಯುತ್ತದೆ. ಆದರೆ ಈ ಕಾಯ್ದೆಯ ಮೊದಲ ಉದ್ದೇಶ ಶಿಕ್ಷೆಯಲ್ಲ, ಪರಿಹಾರ. ಹಿಂಸೆ ನಿಲ್ಲಿಸುವಂತೆ ಆದೇಶಿಸುವುದು, ಜೀವನಾಂಶ ಕೊಡಿಸುವುದು, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಒಪ್ಪಿಸುವುದು ಮ್ಯಾಜಿಸ್ಟ್ರೇಟರ ಅಧಿಕಾರದಲ್ಲಿದೆ. ರಕ್ಷಣಾ ಆದೇಶವನ್ನು ಮುರಿದಾಗ ಮಾತ್ರ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

"ಮನೆ ಬಿಟ್ಟು ತೊಲಗು" ಎಂಬ ಬೆದರಿಕೆಗೂ ಕಾಯ್ದೆಯಲ್ಲಿ ಉತ್ತರವಿದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಅತ್ತೆ-ಮಾವನ ಹೆಸರಿನಲ್ಲಿರುವ ಮನೆಗೂ ಈ ಹಕ್ಕು ಅನ್ವಯಿಸಬಲ್ಲದು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿದೆ.

ಯಾರ ಬಳಿ ಹೋಗಬೇಕು?

ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳಾಗಿ ಕಾರ್ಯ ನಿರ್ವಹಿಸುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಕಾನೂನು ಸೇವಾ ಸಮಿತಿಗಳಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.

ಇಲ್ಲಿ ನೆರೆಹೊರೆಯವರಿಗೂ ಒಂದು ಪಾತ್ರವಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು ಎಂದು ಕಾಯ್ದೆಯ 4ನೇ ಸೆಕ್ಷನ್ ಅಭಯ ನೀಡಿದೆ. ಮುಚ್ಚಿಕೊಂಡ ಕಿಟಕಿಯನ್ನು ತೆರೆಯಲು ಇಷ್ಟು ಸಾಕು.