ನೋವು ಮನುಷ್ಯನ ಹೆಸರಲ್ಲ

ದೇಹವಿದ್ದ ಮೇಲೆ ನೋವು ಸಹಜ. ಗಾಯದ ನೋವು ನಾಲ್ಕು ದಿನವಿದ್ದು ಹೋಗುತ್ತದೆ. ಆದರೆ ಬಂದ ನೋವು ಹೋಗದೆ ನೆಲೆಯೂರಿದಾಗ ಅದು ಕೀಲುಗಳನ್ನಷ್ಟೇ ಸವೆಸುವುದಿಲ್ಲ, 'ನಾನು ಯಾರು' ಎಂಬ ಅರಿವನ್ನೂ ಸವೆಸುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆ ದುಡಿಮೆಯ ಸೀಮೆ. ಗದ್ದೆಯಲ್ಲಿ ಬಾಗಿ ನೇಜಿ ನೆಟ್ಟವರು, ಗಂಗೊಳ್ಳಿ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತವರು, ದಿನವಿಡೀ ಕುಳಿತು ಬೀಡಿ ಕಟ್ಟಿದವರು ಇಲ್ಲಿ ಮನೆಗಳನ್ನು ನಿಲ್ಲಿಸಿದ್ದಾರೆ. ಅಂಥ ತಾಯಿಯ ಸೊಂಟ ಬಗ್ಗದಾದಾಗ ಅವಳ ಬಾಯಲ್ಲಿ ಬರುವ ಮಾತು, 'ನಾನಿನ್ನು ಯಾರಿಗೂ ಬೇಡದವಳು' ಎಂಬುದು. ಹೊರಗೆ ಗಾಯ ಕಾಣದು; ಮನೆಯವರು ನೆಪವೆನ್ನುತ್ತಾರೆ. ಕೇಳಿ ಕೇಳಿ ಅವಳಿಗೇ ತನ್ನ ಮೇಲೆ ಸಂಶಯ ಹುಟ್ಟುತ್ತದೆ.

ಇದು ನೆಪವಲ್ಲ. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಗಾಯ ಮಾಯ್ದ ಮೇಲೂ ನರಮಂಡಲವು ಅಪಾಯದ ಗಂಟೆ ಬಾರಿಸುತ್ತಲೇ ಇರಬಹುದು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವೇ ಇದೆ.

ಕೊಲ್ಲೂರಿನಾಚೆ ಘಟ್ಟ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿನ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ವಂಶವಾಹಿಯಿಂದ ಬರುವ, ಅಂಟುರೋಗವಲ್ಲದ ಈ ವ್ಯಾಧಿಗೆ ಊರಿನ ಹೆಸರನ್ನೇ ಇಟ್ಟರು. ಊರು ಬೇನೆಯ ಹೆಸರಾಯಿತು. ಮನೆಯೊಳಗೂ ಹೀಗೆಯೇ ಆಗುತ್ತದೆ. ಅಕ್ಕ, ಅತ್ತೆ, ಅಜ್ಜಿ ಎನ್ನುತ್ತಿದ್ದವರು ಕ್ರಮೇಣ 'ಕಾಲುನೋವಿನವಳು' ಎನ್ನತೊಡಗುತ್ತಾರೆ.

ನೋವನ್ನು ಪೂರ್ವಜನ್ಮದ ಪಾಪವೆಂದು ಹೇಳುವವರೂ ಉಂಟು. ಅದು ಗಾಯದ ಮೇಲೆ ಬರೆ ಎಳೆದಂತೆ. ನೋವು ಶಿಕ್ಷೆಯಲ್ಲ, ನರಳುವವರು ಅಪರಾಧಿಗಳಲ್ಲ. ನೆಲದಲ್ಲಿ ಕೂರಲಾಗದೆ ಇಷ್ಟಲಿಂಗ ಪೂಜೆ ತಪ್ಪಿತೆಂದು ಕೊರಗುವವರಿಗೆ ನಾವು ಹೇಳುವುದಿಷ್ಟೆ: ಕುರ್ಚಿಯ ಮೇಲೆ ಕುಳಿತು ಮಾಡಿರಿ, ಲಿಂಗವಿರುವುದು ಅಂಗೈಯಲ್ಲಿ, ಮಂಡಿಯಲ್ಲಲ್ಲ.

ಕಾಯಕವೆಂದರೆ ಮೈಮುರಿದು ದುಡಿಯುವುದಷ್ಟೇ ಅಲ್ಲ. ಮೊಮ್ಮಗುವಿಗೆ ಅಕ್ಷರ ತಿದ್ದಿಸುವುದು, ಬಿತ್ತನೆಯ ಹದ ಹೇಳುವುದು, ಜಗಳವಾಡುವವರನ್ನು ಸಮಾಧಾನಪಡಿಸುವುದು ಇವೂ ಕಾಯಕವೇ. ಹತ್ತು ನಿಮಿಷ ದುಡಿದು ಹತ್ತು ನಿಮಿಷ ವಿಶ್ರಮಿಸುವವರನ್ನು ಸೋಮಾರಿ ಎನ್ನಬಾರದು.

ಸದ್ಭಕ್ತರೇ, ಮನೆಯಲ್ಲಿ ನೋವುಂಡವರಿದ್ದರೆ 'ಇನ್ನೂ ಗುಣವಾಗಲಿಲ್ಲವೇ' ಎಂದು ದಿನವೂ ಕೇಳಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ, ಹೇಳಿದ್ದನ್ನು ನಂಬಿರಿ. ಮನೆಯ ನಿರ್ಧಾರಗಳಲ್ಲಿ ಅವರ ಸಲಹೆ ಕೇಳಿರಿ. ಅವರನ್ನು ಹೆಸರು ಹಿಡಿದು, ಸಂಬಂಧ ಹಿಡಿದು ಕರೆಯಿರಿ. ನೋವನ್ನು ಪೂರ್ತಿ ತೆಗೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಮಾನ ಉಳಿಸುವುದು ನಮ್ಮ ಕೈಯಲ್ಲೇ ಇದೆ.